ಜಿಂಕೆಗೊರಸಿನ ಹೂ

ಎಲೋದಿಯಾ ಮೊಗ್ಗಿಗೆ ಉಗುರು ತಾಗಿಸಿದವಳು ಚಿವುಟದೆ ಕೈ ಹಿಂದಕ್ಕೆಳೆದುಕೊಂಡಳು. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಬೆಳಗಿನಿಂದ ಚಿವುಟಿದ ಮೊಗ್ಗುಗಳೆಲ್ಲ ಮಡಿಲಲ್ಲಿದ್ದವು. ಬಯಲಿನ ಈ ಮೂಲೆಯಲ್ಲಿ, ಒಂದೇ ಕಡೆ ಗುಂಪಾಗಿದ್ದ ಹತ್ತು ಗಿಡಗಳನ್ನು ಮಾತ್ರ ಅವಳು ಮುಟ್ಟಲಿಲ್ಲ. ಮಡಿಲಿನ ಮೊಗ್ಗುಗಳನ್ನು ಬುತ್ತಿಗಂಟಿನೊಳಗೆ ತುರುಕಿ, ಪಕ್ಕದ ಪೊದೆಯ ನೆರಳಲ್ಲಿ ಕೂತು ನಡುಹಗಲಿಗೆ ಕಾದಳು.

ಜಿಂಕೆಗೊರಸು ಹೆಸರಿಗೆ ಕಳ್ಳಿ, ಅಷ್ಟೆ. ಮುಳ್ಳಿಲ್ಲ, ಎತ್ತರವಿಲ್ಲ. ಬತ್ತಿದ ಕೆರೆಯಂಗಳದ ಬಿರುಕುಮಣ್ಣಿನಲ್ಲಿ ಕತ್ತಿನವರೆಗೂ ಹೂತುಕೊಂಡು ಬೂದುಬಣ್ಣದ ನೆತ್ತಿಯನ್ನಷ್ಟೇ ಹೊರಗಿಟ್ಟಿರುತ್ತದೆ. ನೋಡಿದವರಿಗೆ ಜಿಂಕೆಯೊಂದು ಕೆಸರಲ್ಲಿ ಕಾಲೂರಿ ಹೋದ ಗುರುತಿನಂತೆ ಕಾಣುತ್ತದೆ. ಮೈಯೆಲ್ಲ ನೆಲದೊಳಗೆ, ಮೂಲಂಗಿಯ ಹಾಗೆ. ಆಡಿಗೂ ಕಾಣದು, ಕಳ್ಳನಿಗೂ ಕಾಣದು. ಆದರೆ ಅಕ್ಟೋಬರ್ ಬಂತೆಂದರೆ ಅದಕ್ಕೆ ಬುದ್ಧಿ ಕೆಡುತ್ತದೆ. ನಾಲ್ಕೈದು ದಿನ, ಬಿಸಿಲೇರಿದ ಹೊತ್ತಿನಲ್ಲಿ, ತನ್ನ ನೆತ್ತಿಯನ್ನೇ ಮುಚ್ಚುವಷ್ಟು ದೊಡ್ಡ ಗುಲಾಬಿ ಹೂವರಳಿಸಿ ತಾನಿರುವ ಜಾಗವನ್ನು ಊರಿಗೆಲ್ಲ ಸಾರುತ್ತದೆ.

ಇದನ್ನು ಎಲೋದಿಯಾಳ ಅಪ್ಪ ನಿಕಾನೋರ್ ಕೈಸುಟ್ಟುಕೊಂಡೇ ಕಲಿತಿದ್ದ. ಮೂವತ್ತು ವರ್ಷದ ಹಿಂದೆ ಹೂವಿನ ಕಾಲದಲ್ಲಿ, ಅಪರೂಪದ ಕಳ್ಳಿ ಕಿತ್ತು ಮಾರುವ ಪರದೇಶದವರಿಬ್ಬರು ಬಂದಾಗ, ಗುಡ್ಡದಾಚೆಯ ಬಯಲನ್ನು ತೋರಿಸಿದವನು ಅವನೇ, ಗುದ್ದಲಿ ಹಿಡಿದವನೂ ಅವನೇ. ಮೂರು ದಿನದಲ್ಲಿ ಅಲ್ಲಿನ ಗಿಡವೆಲ್ಲ ಮೂಟೆ ಸೇರಿತು. ಆ ಬಯಲಿನಲ್ಲಿ ಇವತ್ತಿಗೂ ಒಂದು ಹೂ ಕಂಡವರಿಲ್ಲ. ಆಮೇಲೆ ಅವನು ಉಳಿದ ಈ ಬಯಲಿಗೆ ತಾನೇ ಕಾವಲು ನಿಂತ. ಪ್ರತಿ ಅಕ್ಟೋಬರಿನಲ್ಲಿ ಅರಳುವ ಮೊದಲೇ ಮೊಗ್ಗು ಚಿವುಟಿ, ನೋಡುವವರ ಕಣ್ಣಿಗೆ ಮಣ್ಣೆರಚಿದ. ಅವನ ಕಣ್ಣಿಗೆ ಪೊರೆ ಬಂದ ಮೇಲೆ ಆ ಕೆಲಸ ಮಗಳ ಪಾಲಿಗೆ ಬಂತು.

ಊರಿನ ಹೆಂಗಸರು ಸೇರಿ ಕಳ್ಳಿಯ ಸಸಿ ಬೆಳೆಸುವ ಮಡಿ ಮಾಡಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಗೆಳತಿ ಅಂಪಾರೊ ಹೋದ ತಿಂಗಳು ಎಲೋದಿಯಾಳನ್ನು ಕೇಳಿದ್ದಳು.

"ಒಂದು ಚಿಟಿಕೆ ಬೀಜ ತಂದ್ಕೊಡೇ ಮಾರಾಯ್ತಿ. ಸಾಸಿವೆ ಗಾತ್ರ ಬರೋಕೇ ವರ್ಷ ಹಿಡಿಯತ್ತೆ, ಹೂ ಬಿಡೋಕೆ ಹತ್ತು ವರ್ಷ. ಈಗ್ಲೇ ಹಾಕಿದ್ರೆ ನಾವು ಮುದುಕೀರಾಗೋ ಹೊತ್ತಿಗಾದ್ರೂ ನೋಡ್ಬಹುದು. ಜಾಗ ಎಲ್ಲಿ ಅಂತ ನಾನೇನೂ ಕೇಳಲ್ಲ."

ಮರುದಿನವೇ ಎಲೋದಿಯಾ ಬಯಲಿಗೆ ಬಂದು, ಗಿಡದ ನೆತ್ತಿಯಲ್ಲಿ ಬೀಜ ಅಡಗಿರುವ ಅರಳೆಯಂಥ ನವಿರನ್ನು ಮುಳ್ಳಿನಿಂದ ಕೆದಕಿ ನೋಡಿದಳು. ಬೀಜವಿರಲಿಲ್ಲ. ಇನ್ನೊಂದರಲ್ಲೂ ಇಲ್ಲ. ಆಮೇಲೆ ಮಂಡಿಯೂರಿ ಬಯಲನ್ನೆಲ್ಲ ಹುಡುಕಿದಳು. ಒಂದೇ ಒಂದು ಮರಿಗಿಡ ಸಿಗಲಿಲ್ಲ. ಇದ್ದವೆಲ್ಲ ಅಪ್ಪನ ಕಾಲದ ಮುದಿಗಿಡಗಳು. ಸತ್ತ ಕಡೆಯಲ್ಲಿ ಬರೀ ಕುಳಿ. ಹೂವಿಲ್ಲದೆ ಬೀಜವೆಲ್ಲಿ? ಆಡು ಸಾಕುವವಳಿಗೆ ಇಷ್ಟು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಈ ಬೆಳಿಗ್ಗೆ ಅಪ್ಪ ಕತ್ತಾಳೆಯ ನಾರು ಹೆರೆಯುತ್ತಾ ಕೂತಿದ್ದಾಗ ಹೇಳಿದಳು. "ಈ ಸಲ ಹತ್ತು ಮೊಗ್ಗು ಚಿವುಟದೆ ಬಿಡ್ತೀನಪ್ಪ."

"ತಲೆ ಕೆಟ್ಟಿದ್ಯಾ ನಿಂಗೆ? ಬಿಳಿ ಗಾಡಿಯವ್ರು ಮೂರು ದಿನದಿಂದ ಸುತ್ತುತಾ ಇದಾರೆ ಅಂತ ನೀನೇ ಅಂದ್ಯಲ್ಲ."

"ಹಕ್ಕಿ ನೋಡೋಕೆ ಬಂದಿದಾರಂತೆ."

"ಹಕ್ಕಿ ನೋಡೋರು ನೆಲ ನೋಡ್ಕೊಂಡು ನಡೀತಾರೇನೇ?"

"ಅಲ್ಲಿ ಒಂದು ಮರೀನೂ ಇಲ್ಲಪ್ಪ. ಕಾಯ್ತೀವಿ ಕಾಯ್ತೀವಿ ಅಂತ ನಾವೇ ಅದನ್ನ ಬಂಜೆ ಮಾಡಿದೀವಿ."

ನಿಕಾನೋರನ ಕೈಯಲ್ಲಿದ್ದ ಕತ್ತಿ ನಿಂತಿತು. ಅದನ್ನು ಕೆಳಗಿಟ್ಟು, "ಹತ್ತೇ. ಹನ್ನೊಂದಲ್ಲ," ಎಂದ.

ಈಗ ಆ ಹತ್ತೂ ಅರಳಿದ್ದವು. ಬೂದುನೆಲದ ಮೇಲೆ ಅಷ್ಟು ಬಣ್ಣ ಕಂಡು ಎಲೋದಿಯಾಳಿಗೆ ಖುಷಿಯಾಗಬೇಕಿತ್ತು, ಆದದ್ದು ಭಯ. ಜೇನುನೊಣ ಇನ್ನೂ ಬಂದಿರಲಿಲ್ಲ. ದಾರಿಯ ಕಡೆ ಧೂಳೆದ್ದು, ಬಿಳಿ ಗಾಡಿ ಬಂದು ನಿಂತಿತು. ಇಳಿದವನೊಬ್ಬ ಇವಳನ್ನು ಕಂಡು ನಡೆಯತೊಡಗಿದ, ನೆಲ ನೋಡಿಕೊಂಡು. ಚಿವುಟಿಬಿಡೋಣವೆಂದರೆ ಕೈಯೇಳಲಿಲ್ಲ. ಅವಳು ಗಂಟನ್ನೆತ್ತಿಕೊಂಡು ಸರಸರನೆ ಹೂಗಳ ನಡುವೆ ಸರಿದು, ಕಾಲು ಮಡಿಸಿ ಕೂತು, ಲಂಗವನ್ನು ಸುತ್ತಲೂ ಹರಡಿಕೊಂಡಳು.

"ನಮಸ್ಕಾರ ಅಮ್ಮ. ಬಿಸಿಲಲ್ಲಿ ಒಬ್ರೇ ಕೂತಿದೀರಲ್ಲ?" ಪಟ್ಟಣದವನು, ನಯವಾದ ಮಾತು.

"ಆಡು ಕಾಯ್ತಿದೀನಿ."

"ಆಡೆಲ್ಲಿ?"

"ಅವು ಬರ್ಲಿ ಅಂತಾನೇ ಕಾಯ್ತಿರೋದು."

ಅವನು ಮನಸಾರೆ ನಕ್ಕು, ಅವಳೆದುರು ಕುಕ್ಕರುಗಾಲಲ್ಲಿ ಕೂತ. ಅವನ ಬೂಟಿನ ಹಿಮ್ಮಡಿ ಒಂದು ಮುದಿಗಿಡದ ನೆತ್ತಿಯ ಮೇಲಿತ್ತು. ಎಲೋದಿಯಾ ಅತ್ತ ನೋಡಲಿಲ್ಲ. ಗಂಟಿನ ಬಾಯಿಗೆ ಕೈ ತೂರಿಸಿ, ತಡವಿ, ರೊಟ್ಟಿ ಮಾತ್ರ ಹೊರಗೆಳೆದು ಅಗಿಯತೊಡಗಿದಳು.

"ಪಕ್ಕದ ನೆರಳಿಗೆ ಬನ್ನಿ, ಅಮ್ಮ."

"ಇಲ್ಲೇ ಅಭ್ಯಾಸ. ನೀವು ನಡೀರಿ, ಹಕ್ಕಿ ಹಾರಿ ಹೋಗ್ತವೆ."

"ನನಗೇನೂ ಅವಸರ ಇಲ್ಲ."

ಅವಸರವಿದ್ದದ್ದು ಎಲೋದಿಯಾಳಿಗೆ. ಹೂ ಸಂಜೆಗೆ ಮುಚ್ಚಿಕೊಳ್ಳುತ್ತದೆ. ಎದ್ದರೆ ಇವನ ಪಾಲು, ಕೂತೇ ಇದ್ದರೆ ಜೇನುನೊಣ ಮುಟ್ಟದೆ ಬೀಜ ಕಟ್ಟದು. ನಾಳೆ ಇದೇ ಧೈರ್ಯ ಬರುತ್ತದೆಂದು ಅವಳಿಗೆ ನಂಬಿಕೆಯಿರಲಿಲ್ಲ.

ಆಗ ಜೇನುನೊಣ ಬಂತು. ಲಂಗದ ಸುತ್ತ ಒಂದು ಸುತ್ತು ಹಾಕಿ, ಅಂಚಿನ ಮೇಲೆ ಕೂತು, ಮಡಿಕೆಯಿಂದ ಮಡಿಕೆಗೆ ತೆವಳಿ, ಸಂದಿಯೊಂದನ್ನು ಹುಡುಕಿಕೊಂಡು ಒಳಗೆ ಹೋಯಿತು. ಹಿಂದೆಯೇ ಇನ್ನೊಂದು ಬಂತು. ಅವನು ಏನೋ ಹೇಳುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಎರಡನೆಯದೂ ಒಳಗೆ ಹೋಗುವವರೆಗೆ ಕಣ್ಣು ಮಿಟುಕಿಸದೆ ನೋಡಿದ. ಟೋಪಿ ತೆಗೆದು, ಹಣೆಯ ಬೆವರೊರೆಸಿಕೊಂಡು, ಎದ್ದು ನಿಂತ.

"ಕಾಲು ಜೋಮು ಹಿಡಿದಿರತ್ತೆ, ಅಮ್ಮ. ಎಲ್ಲಿ, ಏಳಿ," ಎಂದು ಅವನು ಕೈ ಚಾಚಿದ.

ಎಲೋದಿಯಾ ಕೈ ಕೊಡಲಿಲ್ಲ. ಅತ್ತಿತ್ತ ಮಿಸುಕಲೂ ಇಲ್ಲ. ಲಂಗದ ಕತ್ತಲಲ್ಲಿ ನೊಣಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುವುದು ಅವಳ ಬರಿಗಾಲಿಗೆ ತಿಳಿಯುತ್ತಿತ್ತು.