ಸಾಯುವಾಗ ನಗಲು ಬಿಡಬೇಕು

ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ ಎಂದು ಎಲ್ಲರೂ ಆಣೆ ಇಡುತ್ತಾರೆ. ನನ್ನ ಬಾಯಲ್ಲಿ ಆಡುವುದು ಬಹುತೇಕ ಬೇರೆಯವರ ನಾಲಿಗೆ. ಹಾಗಾಗಿ ನಾನು ಸುಳ್ಳು ಹೇಳಿದರೆ ಎದುರುಮನೆಯವರ ನಾಲಿಗೆ ಬಿದ್ದುಹೋಗಲಿ. ಎದುರುಮನೆಯವರು ಒಳ್ಳೆಯ ಜನ, ಹಬ್ಬಕ್ಕೆ ಬೊಬ್ಬಟ್ಟು ಕಳಿಸುತ್ತಾರೆ. ಅವರ ನಾಲಿಗೆಗೆ ಕುತ್ತು ತರುವಷ್ಟು ಕೆಟ್ಟವನಲ್ಲ ನಾನು. ಆದ್ದರಿಂದ ಇದು ನಡೆದದ್ದೇ.

ನಾನು ಚನ್ನು. ರಾಯಚೂರಿನಲ್ಲಿ ಎಂ.ಕಾಂ. ಆಯಿತು, ಕಾಮ್ ಆಗಲಿಲ್ಲ. ಹೈದರಾಬಾದಿಗೆ ಬಂದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಿಂದ ರಜೆ ಘೋಷಿಸಿ ಪೆಟ್ಟು ತಿಂದಿದ್ದ ಮಿಮಿಕ್ರಿ ವಿದ್ಯೆಯೇ ಇಲ್ಲಿ ಊಟಕ್ಕೆ ದಾರಿಯಾಯಿತು. ದಿಲ್‌ಸುಖ್‌ನಗರದಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ. ಚೀನಾದ ಹಳೆಯ ಯುದ್ಧಗಳ ಇತಿಹಾಸದ ಮೇಲೆ ಕಟ್ಟಿದ ಒಂದು ಕಾರ್ಡ್ ಆಟವಿದೆ. ಅದನ್ನು ತೆಲುಗು, ಹಿಂದಿ, ಕನ್ನಡಕ್ಕೆ ತರುವುದು ನಮ್ಮ ಕೆಲಸ. ಆಡುವವರಿಗೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಸೇನಾಪತಿಯ ಕಾರ್ಡು. ಪ್ರತಿ ಸೇನಾಪತಿಗೂ ಒಂದು ಚಿತ್ರ, ಒಂದು ಶಕ್ತಿ, ಇಷ್ಟು ಜೀವ. ಜೀವ ಮುಗಿದರೆ ಆಟದಿಂದ ಹೊರಗೆ. ಇಸ್ಪೀಟಿನಂಥ ಅಚ್ಚಿನ ಎಲೆಗಳಲ್ಲೂ ಆಡಬಹುದು, ಫೋನಿನಲ್ಲೂ ಆಡಬಹುದು; ಫೋನಿನಲ್ಲಿ ಸೇನಾಪತಿಗಳಿಗೆ ದನಿಯೂ ಉಂಟು. ಬೆಳಿಗ್ಗೆ ಚಕ್ರವರ್ತಿಯಾಗಿ ಗರ್ಜಿಸಿ, ಮಧ್ಯಾಹ್ನ ಅದೇ ಚಕ್ರವರ್ತಿಯ ಕುದುರೆಯಾಗಿ ಸತ್ತು, ಸಂಜೆ ಮೆಟ್ರೋದಲ್ಲಿ ನಿಂತುಕೊಂಡು ಮನೆಗೆ ಹೋಗುತ್ತಿದ್ದೆ.

ನಾನು ಎಷ್ಟು ಸತ್ತರೂ ಸಿದ್ದರಾಮಪ್ಪ ಕಾಕಾನಷ್ಟು ಚೆನ್ನಾಗಿ ಸಾಯಲು ಆಗಲಿಲ್ಲ.

ಕಾಕಾ ಲಿಂಗಸುಗೂರು ಕಡೆಯವರು. ನಾಟಕ ಕಂಪನಿಗಳಲ್ಲಿ ಖಳನಾಯಕರಾಗಿ ಊರೂರು ಅಲೆದು, ಕಂಪನಿ ಮುಳುಗಿದ ಮೇಲೆ ಮೆಹದಿಪಟ್ಟಣಂನಲ್ಲಿ ಮಗಳು ಶಿವಗಂಗಾಳ ಮನೆ ಸೇರಿದ್ದರು. ಕನ್ನಡದಲ್ಲಿ ಮೆಂಗ್ ಲೋ ಎಂಬ ಮುದಿ ಸೇನಾಪತಿಗೆ ಅವರದೇ ದನಿ. ಅವರು ಅವನನ್ನು ಕರೆಯುತ್ತಿದ್ದದ್ದು ಮಂಗ್ಯಾಲೋ ಎಂದು. ಮೆಂಗ್ ಲೋ ಯಾವ ಯುದ್ಧವನ್ನೂ ಗೆದ್ದವನಲ್ಲ. ವೈರಿಗಳು ಹಿಡಿದು ತಲೆ ತೆಗೆಯಲು ಒಯ್ದಾಗ ಗಟ್ಟಿಯಾಗಿ ನಕ್ಕುಬಿಟ್ಟ, ಅಷ್ಟೇ ಅವನ ಕಥೆ. ಕಾರ್ಡಿನ ಶಕ್ತಿಯೂ ಅದೇ: ಸಾಯುವಾಗ ನಗುತ್ತಾನೆ, ಕೊಂದವನು ಬೆದರಿ ಕೈಯಲ್ಲಿದ್ದ ಒಂದು ಎಲೆ ಕೆಳಗೆ ಹಾಕಬೇಕು.

ಆ ನಗು ಚಳಿಗಾಲದ ಬೆಳಿಗ್ಗೆ ಬುಲೆಟ್ ಗಾಡಿಗೆ ಕಿಕ್ ಹೊಡೆದಂತೆ. ಮೊದಲ ಕಿಕ್ಕಿಗೆ ಕೆಮ್ಮು, ಎರಡನೆಯದಕ್ಕೆ ಗೊರಗೊರ, ಆಮೇಲೆ ಒಮ್ಮೆ ಹತ್ತಿಕೊಂಡಿತೆಂದರೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲಬೇಕು. ಕನ್ನಡ ಬಾರದ ತೆಲುಗು ಹುಡುಗರೂ ಮೆಂಗ್ ಲೋ ಬಂದಾಗ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿಕೊಂಡು, ಬೇಕೆಂದೇ ಸೋಲುತ್ತಿದ್ದರು.

ಹಾಗಿರುವಾಗ ಕಾಕಾನ ಗಂಟಲಿನಲ್ಲಿ ಗಂಟು ಕಂಡಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಕಂಠ ಹೋಯಿತು, ಕಂಠಪಾಠ ಉಳಿಯಿತು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಮಫ್ಲರ್. ಮಾತೆಲ್ಲ ಕೈಸನ್ನೆ, ಇಲ್ಲವೇ ಬರಹ. ಆದರೂ ಆಫೀಸಿಗೆ ಬರುವುದನ್ನು ಬಿಡಲಿಲ್ಲ. ಮೂಲೆಯಲ್ಲಿ ಕೂತು, ಯಾರಾದರೂ ಹೊಸಬರನ್ನು ಹಿಡಿದು ಆಡುತ್ತಿದ್ದರು. ಮೆಂಗ್ ಲೋನನ್ನು ತಾವೇ ಸಾವಿನ ಬಾಯಿಗೆ ತಳ್ಳಿ, ಫೋನನ್ನು ಮೇಜಿನ ನಡುವೆ ಇಟ್ಟು, ತಮ್ಮ ನಗುವನ್ನು ಕೇಳಿ ಎದುರಿನವನ ಮುಖ ನೋಡುತ್ತಿದ್ದರು.

ಒಂದು ದಿನ ನಮ್ಮ ಮೇಲಿನವಳು ಪ್ರಾಜಕ್ತಾ ಮೇಡಮ್ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ಭಾಲ್ಕಿ ಕಡೆಯ ಮರಾಠಿ ಹುಡುಗಿ. ಕೆಟ್ಟ ಸುದ್ದಿ ಇದ್ದಾಗ ಮಾತ್ರ ಪಕ್ಕದಲ್ಲಿ ಕೂರುತ್ತಾಳೆ.

"ಕಾಕಾ, ಮೆಂಗ್ ಲೋ ಕಾರ್ಡು ಭಾಳ ವೀಕ್ ಅದ. ಚೀನಾದವರು ಹೊಸದಾಗಿ ಡಿಸೈನ್ ಮಾಡ್ರಿ ಅಂದಾರ. ಚಿತ್ರ, ಶಕ್ತಿ, ದನಿ, ಎಲ್ಲಾ ಹೊಸದು."

ಕಾಕಾ ಕೈಯಲ್ಲಿದ್ದ ಎಲೆಗಳನ್ನು ಮೆಲ್ಲಗೆ ಕೆಳಗಿಟ್ಟರು. ಕರೆದುಕೊಂಡು ಹೋಗಲು ಬಂದಿದ್ದ ಶಿವಗಂಗಾ ಸಮಾಧಾನ ಮಾಡಲು ನೋಡಿದಳು. "ಇರ್ಲಿ ಬಿಡಪ್ಪಾ. ನನ್ನ ಫೋನಿನ್ಯಾಗ ನಿನ್ನ ನಗು ರೆಕಾರ್ಡ್ ಮಾಡಿ ಇಟ್ಟೀನಲ್ಲ. ಯಾವಾಗ ಬೇಕಾದ್ರೂ ಕೇಳಬಹುದು."

ಕಾಕಾ ಎದ್ದು ಗೋಡೆಯ ಬಿಳಿ ಬೋರ್ಡಿನ ಹತ್ತಿರ ಹೋಗಿ ಬರೆದರು: "ಡಬ್ಬ್ಯಾಗ ಮುಚ್ಚಿಟ್ಟ ನಗು ಯಾರಿಗಿ ಬೇಕು? ಆಡೋ ಮಂದಿ ನಡುವ ನಗಬೇಕು."

ಬರೆದು, ತಾವೇ ಅಂಗೈಯಿಂದ ಒರೆಸಿದರು. ಮೇಲಿನವರಿಗೆ ಹೀಗೆಲ್ಲ ಮನೆಮಾತಿನಲ್ಲಿ ಬರೆಯಬಾರದು ಅನ್ನಿಸಿರಬೇಕು. ನಮ್ಮ ಕಡೆಯವರಿಗೆ ಇದೊಂದು ಚಾಳಿ: ಮಾತಾಡುವುದು ಲುಂಗಿಯಲ್ಲಿ, ಅರ್ಜಿ ಬರೆಯುವುದು ಇಸ್ತ್ರಿ ಪ್ಯಾಂಟಿನಲ್ಲಿ. ಭುಜ ನೆಟ್ಟಗೆ ಮಾಡಿಕೊಂಡು, ಪುಸ್ತಕದ ಕನ್ನಡದಲ್ಲಿ ದುಂಡಗೆ ಬರೆದರು: "ಮೆಂಗ್ ಲೋ: ಸಾಯುವಾಗ ನಗಲು ಬಿಡಬೇಕು."

"ಆತು ಕಾಕಾ," ಎಂದಳು ಪ್ರಾಜಕ್ತಾ. "ಚಿತ್ರ, ಶಕ್ತಿ ಎಲ್ಲಾ ಸಂಪತ್ ಮಾಡ್ತಾನ. ಇದನ್ನ ಅವನಿಗೇ ಕಳಸ್ತೀನಿ." ಬೋರ್ಡಿನ ಫೋಟೋ ತೆಗೆದು ಕಳಿಸಿದಳು. ಕಾಕಾನ ಮುಖ ತಿಳಿಯಾಯಿತು. ಹೋಗುವಾಗ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಹೋದರು.

ಸಂಪತ್ ವಾರಂಗಲ್ಲಿನ ಹುಡುಗ. ಕನ್ನಡ ಕಲಿತವನಲ್ಲ, ಆದರೆ ತೆಲುಗು ಓದುವವರಿಗೆ ಕನ್ನಡದ ಅಕ್ಷರ ಅಪರಿಚಿತವಲ್ಲವಲ್ಲ. ಜೊತೆಗೆ ನನ್ನ ಪಕ್ಕ ಕೂತು ಕೂತು ಸಾಯೋದು, ಬಿಡೋದು, ಬೇಕು, ಬ್ಯಾಡ ಅವನಿಗೆ ಬಂದುಬಿಟ್ಟಿತ್ತು. ಅಷ್ಟು ಬಂದದ್ದೇ ಕೇಡಾಯಿತು. ಏನೂ ಬಾರದಿದ್ದರೆ ನನ್ನನ್ನು ಕೇಳುತ್ತಿದ್ದ.

ಹೊಸ ಕಾರ್ಡನ್ನು ನಾವು ನೋಡುವ ಹೊತ್ತಿಗೆ ಚೀನಾದಿಂದ ಒಪ್ಪಿಗೆ ಬಂದು, ಅಚ್ಚೂ ಆಗಿತ್ತು. ಒಪ್ಪಿಗೆ ಬಿದ್ದ ಕಾರ್ಡನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ. ಪ್ರಾಜಕ್ತಾ ದೊಡ್ಡ ಪರದೆಯ ಮೇಲೆ ತೆರೆದಳು. ಮೆಂಗ್ ಲೋ ನಿಂತಿದ್ದ. ಕೊರಳಲ್ಲಿ ಕಾಸಿನಸರ, ತೋಳಿಗೆ ವಂಕಿ, ಸೊಂಟಕ್ಕೆ ಡಾಬು, ಕಿವಿಯಲ್ಲಿ ಜುಮುಕಿ. ಗಡ್ಡವೊಂದಿಲ್ಲದಿದ್ದರೆ ನೇರವಾಗಿ ಮದುವೆ ಮಂಟಪದಲ್ಲಿ ಕೂರಿಸಬಹುದಿತ್ತು. ಶಕ್ತಿಯ ಹೆಸರು ಕೆಳಗೆ ಬಂಗಾರದ ಅಕ್ಷರದಲ್ಲಿ: ನಗಲು. ಸಾಯುವಾಗ ಮೈಮೇಲಿನ ಒಡವೆಗಳನ್ನೆಲ್ಲ ಬಿಟ್ಟುಹೋಗುತ್ತಾನೆ, ಸುತ್ತ ಕೂತವರು ಹಂಚಿಕೊಳ್ಳಬಹುದು. ಸಂಪತ್ ಗುಂಡಿ ಒತ್ತಿದ. ಝಣ ಝಣ ಎಂದು ಒಡವೆ ಉದುರಿದ ಸದ್ದು. ಅಷ್ಟೇ.

"ನಗು ಎಲ್ಲಿ?" ಎಂದೆ.

"ಏಂ ನಗು?"

"ಲೇ, ಕಾಕಾ ಬೋರ್ಡಿನ ಮ್ಯಾಲೆ ಬರದಿದ್ರಲ್ಲ!"

"ಹಾಂ, ವಹೀಚ್ ತೋ ಕಿಯಾ ಭಾಯ್, ಅದೇ ಮಾಡಿದೆ! ಸಾಯುವಾಗ ನಗಲು ಬಿಡಬೇಕು. ನಗಲು ಅಂಟೆ ಆಭರಣಾಲೇ ಕದಾ!"

ತೆಲುಗಿನಲ್ಲಿ ನಗಲು ಎಂದರೆ ಒಡವೆಗಳು. ನನಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಕಾಕಾ ತಮ್ಮ ಮನೆಮಾತಿನಲ್ಲಿ "ನಗಾಕ ಬಿಡ್ರಿ" ಎಂದು ಬರೆದಿದ್ದರೆ ಸಂಪತ್ ಖಂಡಿತ ಫೋನ್ ಮಾಡಿ, ನಗಾಕ ಅಂದರೇನು ಎನ್ನುತ್ತಿದ್ದ. ಇಸ್ತ್ರಿ ಪ್ಯಾಂಟಿನ ಕನ್ನಡ ಹೋಗಿ ತೆಲುಗಿನ ಬಂಗಾರದಂಗಡಿಯಲ್ಲಿ ಕೂತಿತ್ತು.

ಮೊದಲು ನಾನು ನಕ್ಕೆ, ಆಮೇಲೆ ಪ್ರಾಜಕ್ತಾ. ಸಂಪತ್ ನಗಲಿಲ್ಲ. "ನಮ್ಮ ಅಮ್ಮಮ್ಮ ಹೋದಾಗ ಮೈಮೇಲಿನ ನಗಲೆಲ್ಲ ತೆಗೆದ್ರು ಭಾಯ್," ಎಂದ, ತನ್ನ ಅರೆಬೆಂದ ಕನ್ನಡದಲ್ಲಿ. "ಪೆದ್ದಾಯನ, ಹಿರಿಯರು, ಎಷ್ಟು ದೊಡ್ಡ ಮಾತು ಬರೆದಾರೆ ಅನ್ಕೊಂಡೆ. ರಾತ್ರಿ ನಿದ್ದೆ ಬರಲಿಲ್ಲ ನಂಗೆ. ಚೀನಾದವರು ಕೂಡ ಭಾಳ ಮೆಚ್ಚಿದ್ರು."

ಆಗ ನಮ್ಮ ನಗುವೂ ನಿಂತಿತು.

"ಮುಂದಿನ ಸಲ ಸರಿ ಮಾಡಬಹುದೇನ್ರಿ?" ಎಂದು ಕೇಳಿದೆ.

ಪ್ರಾಜಕ್ತಾ ಪರದೆ ಮುಚ್ಚಿದಳು. "ಮುಂದಿನ ಸಲ ಕನ್ನಡಾನೇ ಇರಂಗಿಲ್ಲ ಚನ್ನು. ಆಡೋರು ಇಲ್ಲ ಅಂತ ತೆಗಿಲಿಕ್ಕತ್ಯಾರ. ಇದೇ ಕೊನೇದು."

ಶಿವಗಂಗಾಳಿಗೆ ಹೇಳಲು ನಾನೇ ಮೆಹದಿಪಟ್ಟಣಂಗೆ ಹೋದೆ. ಬಸ್ ನಿಲ್ದಾಣದ ಗದ್ದಲದಲ್ಲಿ ನಿಂತು ಕೇಳಿದಳು. ಅಳಲಿಲ್ಲ, ಬೈಯಲೂ ಇಲ್ಲ.

"ಅಪ್ಪಗ ಹೇಳಬ್ಯಾಡ. ಗಂಟು ಮತ್ತ ಬಂದೈತಿ. ಈ ಸಲ ತೆಗಿಯಾಕ ಬರಂಗಿಲ್ಲ ಅಂದಾರ. ಅವಂಗ ಗೊತ್ತೈತಿ. ಗೊತ್ತಿದ್ದೂ ದಿನಾ ಕೇಳ್ತಾನ, ಹೊಸ ಕಾರ್ಡು ಯಾವಾಗ ಬರ್ತೈತಿ ಅಂತ."

"ಫೋನಿನ್ಯಾಗ ನೋಡಿದ್ರ?"

"ಫೋನ್ ಕೆಟ್ಟೈತಿ ಅಂತ ಹೇಳಿ ಅಡಗಿಸಿ ಇಡ್ತೀನಿ. ಆದ್ರ ನಾಂಪಲ್ಲಿ ಎಕ್ಸಿಬಿಷನ್‌ನಾಗ ನಿಮ್ಮ ಸ್ಟಾಲ್ ಐತಲ್ಲ, ಅಲ್ಲಿಗೆ ಬಂದೇ ಬರ್ತಾನ. ಯಾರೂ ತಡಿಯಾಕ ಆಗಂಗಿಲ್ಲ."

ಆ ಮಾತಿಗೆ ನನ್ನೊಳಗಿನ ಮಂಗ ಎದ್ದು ಕೂತ.

"ಬರ್ಲಿ ಬಿಡಕ್ಕ. ಹಳೇ ದನಿ ಚೀನಾದವರು ತೆಗೆದುಬಿಟ್ಟಾರ, ನಿನ್ನ ಫೋನಿಂದು ಸ್ಪೀಕರಿನ್ಯಾಗ ಒಡದು ಕೇಳ್ತೈತಿ. ಸ್ಟಾಲಿನ ಪರದೆ ಹಿಂದ ನಾ ಕೂಡ್ತೀನಿ. ಮೆಂಗ್ ಲೋ ಸಾಯ್ತಾನ, ನಾ ನಗ್ತೀನಿ. ಕಾಕಾನ ನಗು ಕಾಕಾಗ ಕೇಳಸ್ತೀನಿ."

"ಆಗ್ತೈತೇನೋ ನಿನ್ನ ಕೈಲೆ?"

ನಾನು ಅಲ್ಲೇ, ಬಸ್ಸಿನ ಹಾರ್ನುಗಳ ನಡುವೆ, ಸಣ್ಣಗೆ ನಕ್ಕು ತೋರಿಸಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು.

ಜನವರಿಯ ಎಕ್ಸಿಬಿಷನ್. ಕಾಶ್ಮೀರದ ಶಾಲು, ಮಿರ್ಚಿ ಬಜ್ಜಿ, ಧೂಳು, ತಪ್ಪಿಸಿಕೊಂಡ ಮಕ್ಕಳ ಹೆಸರು ಕೂಗುವ ಮೈಕು. ಕಾಕಾ ನಾಟಕದ ಕಾಲದ ಉದ್ದ ಕೋಟು ಹಾಕಿಕೊಂಡು, ಮಗಳ ಕೈ ಹಿಡಿದು ಬಂದರು. ಅರ್ಧ ಆಳಾಗಿದ್ದರು. ಹೊಸದು ಇನ್ನೂ ಬಂದಿಲ್ಲ ಎಂದು ಹೇಳಿ ಸಂಪತ್ ಅವರಿಗೆ ಮೆಂಗ್ ಲೋನ ಹಳೆಯ ಕಾರ್ಡನ್ನೇ ಕೊಟ್ಟ. ಮೇಜಿನ ಮೇಲೆ ಎಲೆಗಳಿಂದ ಆಟ. ಸೇನಾಪತಿ ಸತ್ತಾಗ ಸಂಪತ್ ಫೋನು ಒತ್ತುತ್ತಾನೆ, ದನಿ ಸ್ಪೀಕರಿನಿಂದ ಬರುತ್ತದೆ. ಏರ್ಪಾಡು ಅಷ್ಟು. ಫೋನಿನ ಸದ್ದು ಬಂದ್ ಮಾಡಿದ್ದೆವು. ಸ್ಪೀಕರಿನ ಹಿಂದೆ, ಪರದೆಯ ಮರೆಯಲ್ಲಿ, ಮೈಕು ಹಿಡಿದು ನಾನು ಕುಕ್ಕರುಗಾಲಲ್ಲಿ ಕೂತಿದ್ದೆ.

ಎದುರಿಗೆ ಇಬ್ಬರು ಕಾಲೇಜು ಹುಡುಗಿಯರು ಆಡಲು ಕೂತರು. ಕಾಕಾ ಎಂದಿನಂತೆ ಸೋಲಲೆಂದೇ ಆಡಿದರು. ಮೆಂಗ್ ಲೋನ ಕೊನೆಯ ಜೀವ ಹೋಯಿತು. ಸಂಪತ್ ಫೋನು ಒತ್ತಿದ. ನಾನು ಹೊಟ್ಟೆಯ ತಳದಿಂದ ಒಂದು ಕೆಮ್ಮು ತೆಗೆದು, ಗೊರಗುಟ್ಟಿ, ಆಮೇಲೆ ಇದ್ದಬದ್ದ ಉಸಿರನ್ನೆಲ್ಲ ಬಿಟ್ಟೆ. ಬಜ್ಜಿ ಅಂಗಡಿಯವನು ಜಾಲರಿ ಹಿಡಿದುಕೊಂಡೇ ತಿರುಗಿ ನೋಡಿದ. ಹುಡುಗಿಯರು ಬೆಚ್ಚಿ, ನಕ್ಕು, "ವಾಮ್ಮೋ! ಮಳ್ಳೀ, ಮಳ್ಳೀ!" ಎಂದು ಮತ್ತೊಮ್ಮೆ ಕೇಳಬೇಕೆಂದರು. ಪರದೆಯ ಸಂದಿಯಿಂದ ಕಂಡೆ: ಕಾಕಾ ಕಣ್ಣು ಮುಚ್ಚಿಕೊಂಡಿದ್ದರು.

ಇನ್ನೊಂದು ಆಟ. ಇನ್ನೊಂದು ಸಾವು. ಮತ್ತೆ ನಕ್ಕೆ. ಜನ ಸೇರಿದರು.

ಮೂರನೆಯ ಆಟದಲ್ಲಿ ಕಾಕಾ ಸಾಯಲಿಲ್ಲ. ಜೀವ ಇನ್ನೂ ಬಾಕಿ ಇರುವಾಗಲೇ, ಕೈಯಲ್ಲಿದ್ದ ಎಲೆಗಳನ್ನೆಲ್ಲ ಮೇಜಿಗೆ ಪಟ್ಟನೆ ಬಡಿದು, ಎದೆ ಹಿಡಿದುಕೊಂಡು ಹಿಂದಕ್ಕೆ ವಾಲಿದರು. ಅಪ್ಪಟ ನಾಟಕ. ಸಂಪತ್ ಗಾಬರಿಯಾಗಿ ಫೋನು ಒತ್ತುವುದನ್ನೇ ಮರೆತ. ನಾನು ನಕ್ಕೆ.

ಸಾಯದ ಮೆಂಗ್ ಲೋ ನಕ್ಕುಬಿಟ್ಟ.

ಕಾಕಾ ನೆಟ್ಟಗೆ ಕೂತರು. ಎದ್ದು ಬಂದು ಪರದೆ ಸರಿಸಿದರು. ಬಾಯಿ ತೆರೆದು, ಅರ್ಧ ನಗು ಹೊರಗೆ ಅರ್ಧ ಒಳಗೆ ಇಟ್ಟುಕೊಂಡು ನಾನು ಸಿಕ್ಕಿಬಿದ್ದೆ.

ಹೊಸದನ್ನು ಕೊಡು ಎಂಬಂತೆ ಅವರು ಸಂಪತ್‌ನ ಕಡೆ ಕೈ ಚಾಚಿದರು. ಅವನು ಪ್ರಾಜಕ್ತಾಳನ್ನು ನೋಡಿದ, ಅವಳು ನೆಲ ನೋಡಿದಳು. ಹೊಸ ಕಾರ್ಡು ಕಾಕಾನ ಅಂಗೈಗೆ ಬಂತು.

"ಅಪ್ಪಾ, ನಾ ಹೇಳ್ತೀನಿ ಕೇಳಿಲ್ಲಿ," ಎಂದು ಶಿವಗಂಗಾ ಮುಂದೆ ಬಂದಳು. ಅವರು ಕೈಯೆತ್ತಿ ತಡೆದರು. ಕಾಸಿನಸರ ನೋಡಿದರು, ಡಾಬು ನೋಡಿದರು, ಜುಮುಕಿಯ ಹತ್ತಿರ ಕಣ್ಣು ತಂದು ನೋಡಿದರು. ಕೆಳಗಿನ ಬಂಗಾರದ ಅಕ್ಷರಗಳನ್ನು ತುಟಿಯಲ್ಲೇ ಓದಿದರು.

"ಮೀರೇ ರಾಸಾರು ಕದಾ ಸಾರ್," ಎಂದ ಸಂಪತ್, ಅಳುವ ದನಿಯಲ್ಲಿ. "ನೀವೇ ಬರೆದದ್ದು. ನಗಲು..."

ಕಾಕಾ ಅವನ ಮುಖ ನೋಡಿದರು. ಮತ್ತೆ ಕಾರ್ಡು ನೋಡಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಶಿವಗಂಗಾ ಓಡಿಬಂದು ತಬ್ಬಿದಳು. ಅವರು ಅವಳನ್ನು ಬಿಡಿಸಿಕೊಂಡು ಮೇಜಿಗೆ ಗುದ್ದಿದರು, ಎಲೆಗಳೆಲ್ಲ ಹಾರಿದವು. ಕಾರ್ಡನ್ನು ಜನರಿಗೆ ತೋರಿಸಿ, ತಮ್ಮ ಕಿವಿ ಮುಟ್ಟಿಕೊಂಡು, ಕೊರಳು ಮುಟ್ಟಿಕೊಂಡು, ಸೊಂಟ ತಿರುಗಿಸಿ ಒಡವೆ ಕುಲುಕಿದರು. ಹುಡುಗಿಯರು ನಕ್ಕರು, ಬಜ್ಜಿಯವನು ನಕ್ಕ. ಪ್ರಾಜಕ್ತಾ ಮುಖ ಮುಚ್ಚಿಕೊಂಡು ನಕ್ಕಳು. ಸಂಪತ್ ಅಳುತ್ತಲೇ ನಕ್ಕ. ನಾನು ನನ್ನದೇ ದನಿಯಲ್ಲಿ ನಕ್ಕೆ. ಅದು ಅಷ್ಟೇನೂ ಚೆನ್ನಾಗಿಲ್ಲ.

ಕಾಕಾನ ಕುತ್ತಿಗೆಯ ನರ ಉಬ್ಬಿತ್ತು. ದವಡೆಹಲ್ಲು ಕಾಣುವಷ್ಟು ಬಾಯಿ ತೆರೆದಿತ್ತು, ಕಣ್ಣಿಂದ ನೀರು ಹರಿದು ಮಫ್ಲರಿಗೆ ಇಳಿಯುತ್ತಿತ್ತು. ಕುತ್ತಿಗೆಯ ತೂತಿನಿಂದ ಬರುತ್ತಿದ್ದದ್ದು ಗಾಳಿ ಮಾತ್ರ. ಅಲ್ಲಿದ್ದವರಲ್ಲಿ ಅಷ್ಟು ಜೋರಾಗಿ ಯಾರೂ ನಗುತ್ತಿರಲಿಲ್ಲ. ನಾವೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದೆವು, ಜನ ಚದುರಿದರು. ಅವರು ಮಾತ್ರ ಮೇಜು ಹಿಡಿದು ಬಗ್ಗಿಕೊಂಡು ಇನ್ನೂ ನಗುತ್ತಲೇ ಇದ್ದರು.