ಸರ್ಕಾರಿ ಚಪ್ಪರದ ನೀರಾಟ

ನಮ್ಮ ಮನೆಯಲ್ಲಿ ಅಣಕ ಮಾಡುವವರು ಇಬ್ಬರು. ನಾನು ನಮ್ಮೂರು ಬಗಾನಿನ ಹಳೇ ಗುಡಿಗಳನ್ನು ನೋಡಲು ಬರುವ ಪರದೇಶಿಗಳಿಗೆ ದಾರಿ ತೋರಿಸಿ, ಸಂಜೆ ಚಹಾದಂಗಡಿಯಲ್ಲಿ ಅವರನ್ನೇ ಅಣಕಿಸಿ ಹೆಸರು ಮಾಡಿದವನು. ತಂಗಿ ಸಬೈ ಶಾಲೆಯ ಟೀಚರು. ಸೇನೆ ಅಧಿಕಾರ ಹಿಡಿದ ಮರುವರ್ಷ, ಹೊಸವರ್ಷದ ನೀರಾಟದ ದಿನ, ನಡುಬೀದಿಯಲ್ಲಿ ನಿಂತು ಒಬ್ಬ ಸೇನಾಧಿಕಾರಿಯ ಭಾಷಣವನ್ನು ಪದ ಕಟ್ಟಿ ಹಾಡಿದಳು. ಕೆಮ್ಮು ಸಮೇತ. ಅಷ್ಟು ಚೆನ್ನಾಗಿ ಕೆಮ್ಮಿದ್ದಕ್ಕೆ ಏಳು ವರ್ಷ ಜೈಲು. ಮೂರು ಕಳೆದಿತ್ತು.

ಈ ಏಪ್ರಿಲ್ ಮೊದಲ ವಾರ ವಾರ್ಡಿನ ಮುಖ್ಯಸ್ಥ ಊ ಬಾ ಚಿಟ್ ಅನ್ನುವವನು ನನ್ನನ್ನು ಕರೆಸಿದ. ನಮ್ಮಲ್ಲಿ ನೆಂಟರು ಒಂದು ರಾತ್ರಿ ತಂಗಬೇಕಾದರೂ ಈತನ ಪುಸ್ತಕದಲ್ಲಿ ಹೆಸರು ಬರೆಸಬೇಕು.

"ಬಾರಯ್ಯ ಲಟ್. ಯಾರೋ ಡಚ್ಚಮ್ಮ ಬರ್ತಾಳಂತೆ?"

"ಹೌದು ಸಯಾ. ಈ ಬೇಸಿಗೆಗೆಲ್ಲ ಅವಳೊಬ್ಬಳೇ."

"ಹದಿನಾಲ್ಕನೇ ತಾರೀಕು ನೀರಾಟಕ್ಕೆ ನಮ್ಮ ಸರ್ಕಾರಿ ಚಪ್ಪರಕ್ಕೆ ಕರ್ಕೊಂಡ್ ಬಾ. ನೀರು ಎರಚ್ಲಿ, ನಗ್ಲಿ. ಟೀವಿಯವ್ರು ಇರ್ತಾರೆ. ಅಷ್ಟೇ."

"ಸರ್ಕಾರದ್ದು ಅಂದ್ರೆ ಅವಳು ಹತ್ರಕ್ಕೂ ಬರಲ್ಲ, ಸಯಾ."

"ಸರ್ಕಾರದ್ದು ಅಂತ ನೀನ್ಯಾಕೆ ಹೇಳ್ತೀಯಾ? ಗೈಡೋ ನೀನು, ಗಡಿಯಾರವೋ, ಕೇಳ್ದಿದ್ರೂ ಹೊಡ್ಕೊಳ್ಳೋಕೆ?" ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ. "ಹದಿನೇಳಕ್ಕೆ ಹೊಸವರ್ಷದ ಕೈದಿಗಳ ಬಿಡುಗಡೆ ಪಟ್ಟಿ ಬರುತ್ತೆ. ನಿನ್ ತಂಗಿ ಹೆಸರು ಮೇಲಕ್ಕೆ ಕಳಿಸೋದು ನನ್ ಜವಾಬ್ದಾರಿ. ಹೇಳ್ದೆ ಅಂತ ಎಲ್ಲೂ ಹೇಳ್ಬೇಡ."

ಸೇನೆ ಬಂದಾಗಿನಿಂದ ಮಾನ ಇರುವವರು ಯಾರೂ ಸರ್ಕಾರಿ ಚಪ್ಪರದಲ್ಲಿ ನೀರಾಡುವುದಿಲ್ಲ. ಆಡಿದವರ ಫೋಟೋ ಸಂಜೆಯೊಳಗೆ ಫೇಸ್‌ಬುಕ್ಕಿನಲ್ಲಿ ಬರುತ್ತದೆ: ಹೆಸರು, ಮನೆ, ತಾಯಿಯ ಅಂಗಡಿ. ಆಮೇಲೆ ಆ ಅಂಗಡಿಗೆ ಯಾರೂ ಕಾಲಿಡುವುದಿಲ್ಲ. ನನ್ನ ತಾಯಿಯದು ಮೀನುಸಾರಿನ ಶ್ಯಾವಿಗೆಯ ಅಂಗಡಿ, ಮೊಹಿಂಗಾ ಅಂತೀವಲ್ಲ, ಅದು. ಬೆಳಿಗ್ಗೆ ಎಂಟಕ್ಕೆ ಪಾತ್ರೆ ಖಾಲಿ.

ನಾನು ಉಪಾಯ ಹೂಡಿದೆ. ಬಿಸಿಲಿಗೆ ಎಲ್ಲರೂ ಕೆನ್ನೆಗೆ ತೇಯ್ದು ಹಚ್ಚುವ ಥನಖ ಇದೆಯಲ್ಲ, ಆ ಹಳದಿ ಲೇಪ. ಅದನ್ನು ಹಣೆಯಿಂದ ಗದ್ದದವರೆಗೆ ದಪ್ಪಗೆ ಬಳಿದುಕೊಂಡರೆ ಹೆತ್ತತಾಯಿಗೂ ಗುರುತು ಸಿಗಬಾರದು.

ಡಚ್ಚಮ್ಮನ ಹೆಸರು ಲೀಸ್ಬೆತ್. ಅರವತ್ತರ ಆಸುಪಾಸು, ನಿವೃತ್ತ ಗ್ರಂಥಪಾಲಕಿ. ಹೊರದೇಶಗಳ ನಿರ್ಬಂಧದಿಂದ ನಮ್ಮಲ್ಲಿ ಅವಳ ಕಾರ್ಡು ಓಡುವುದಿಲ್ಲ. ಒಂದು ಮಡಿಕೆಯೂ ಬೀಳದ ಡಾಲರುಗಳನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟು ತಂದಿದ್ದಳು. ಅದೇ ಪುಸ್ತಕದಲ್ಲಿ ಪಟ್ಟಿ: ಸೇನೆಯವರ ಹೋಟೆಲು ಬೇಡ, ಸೇನೆಯವರ ಬಿಯರು ಬೇಡ, ಸೇನೆಯವರ ವಿಮಾನ ಬೇಡ. ಊರ ಬಾಗಿಲಲ್ಲಿ ಅವಳು ಕಟ್ಟಿದ ಪ್ರವೇಶಧನ ಯಾರ ಜೇಬಿಗೆ ಹೋಯಿತು ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

"ನಿಜ ಹೇಳು ಲಟ್, ನಾನು ಬಂದಿದ್ದು ತಪ್ಪಾ? ಮಗಳು ಮೂರು ವಾರದಿಂದ ಮಾತು ಬಿಟ್ಟಿದ್ದಾಳೆ."

ಕುದುರೆಗಾಡಿ ಹೊಡೆಯುತ್ತಿದ್ದ ಪೌಕ್ ಸಿ ನನ್ನ ಬಾಲ್ಯದ ಗೆಳೆಯ. ನಮ್ಮ ಭಾಷೆಯಲ್ಲೇ ಕೇಳಿದ, "ಏನಂತೆ ಅಜ್ಜಿದು?"

"ಬಂದಿದ್ದು ತಪ್ಪಾ ಅಂತಾಳೆ."

"ಹೌದು ಅನ್ನು. ಬರೋರೆಲ್ಲ ಸೇನೆಯವ್ರ ಕಿಟಕಿಗೆ ಒಂದೊಂದು ಪರದೆ ಕಣೋ. ಒಳಗಡೆ ಹೊಡೆಯೋದು ಕಾಣಲ್ಲ."

"ಹಾಗಿದ್ರೆ ಇಳಿಸಿಬಿಡು. ನಿನ್ ಕುದುರೆಗೆ ಹುಲ್ಲು ಯಾರು ಕೊಡ್ತಾರೆ?"

"ಇಳಿಸ್ತೀನಿ ಅಂದ್ನಾ? ತಪ್ಪು ಅಂದೆ ಅಷ್ಟೇ." ಅವನು ಲಗಾಮು ಅಲುಗಿಸಿದ. "ಬರಬೇಡಿ ಅಂದ್ರೆ ನಾವು ಸಾಯ್ತೀವಿ, ಬನ್ನಿ ಅಂದ್ರೆ ಅವರು ಬದುಕ್ತಾರೆ. ಎರಡರಲ್ಲೂ ನಮ್ಮ ಕುದುರೇನೇ ಎಳೀಬೇಕು."

ನಾನು ಲೀಸ್ಬೆತ್ ಕಡೆ ತಿರುಗಿ, "ನೀವು ಬಂದಿದ್ದಕ್ಕೆ ನಮ್ಮ ಜನ ಋಣಿಗಳು ಅಂತಿದ್ದಾನೆ" ಅಂದೆ. ಅವಳ ಕಣ್ಣು ತುಂಬಿತು.

ಹದಿನಾಲ್ಕರ ಬೆಳಿಗ್ಗೆ, "ಇವತ್ತು ನಮ್ಮ ಕೇರಿಯವರ ಚಪ್ಪರಕ್ಕೆ ಹೋಗೋಣ" ಅಂದೆ.

"ಕೇರಿಯವರದೇ ತಾನೆ? ಸರ್ಕಾರದ್ದಲ್ಲವಲ್ಲ?"

"ಛೆ! ನೆರೆಹೊರೆಯವರು ಚಂದಾ ಎತ್ತಿ ಹಾಕಿದ್ದು."

ಚಪ್ಪರದ ತುಂಬ ಇದ್ದವರು ಸರ್ಕಾರಿ ಗುಮಾಸ್ತರ ಹೆಂಡತಿ ಮಕ್ಕಳು. ಅಧಿಕಾರಿಗಳು ಅವರ ಹಾಜರಿ ತೆಗೆದುಕೊಂಡು ನಗಿಸುತ್ತಿದ್ದರು. ಲೀಸ್ಬೆತ್ ಮಾತ್ರ ನಿಜವಾಗಿ ನಕ್ಕಳು. ಪೈಪು ಹಿಡಿದು ಹುಡುಗಿಯಂತೆ ಕುಣಿದಳು. ಕ್ಯಾಮೆರಾದವನು ಅವಳನ್ನು ಬಿಟ್ಟು ಕದಲಲಿಲ್ಲ. ನಾನು ಹಳದಿ ಮುಖ ಹೊತ್ತು ಕಂಬದ ಹಿಂದೆ ನಿಂತಿದ್ದೆ.

"ಲಟ್, ಬಾ ಇಲ್ಲಿ!" ಅಂದವಳೇ ಪೈಪನ್ನು ನನ್ನ ಮುಖಕ್ಕೇ ತಿರುಗಿಸಿದಳು.

ಊರಲ್ಲಿ ನನ್ನಷ್ಟು ಬುದ್ಧಿವಂತ ಇಲ್ಲ ಅಂದುಕೊಂಡಿದ್ದೆ. ನೀರಿನ ಹಬ್ಬಕ್ಕೆ ನೀರಲ್ಲಿ ಕರಗುವ ಮುಖವಾಡ ಹಾಕಿಕೊಂಡು ಹೋದವನು ನಾನೊಬ್ಬನೇ. ಕಣ್ಣು ಬಿಡುವಷ್ಟರಲ್ಲಿ ಥನಖ ಎದೆಯ ಮೇಲೆ ಹರಿಯುತ್ತಿತ್ತು. ಎದುರಿಗೆ ಕ್ಯಾಮೆರಾ. ಪಕ್ಕದಲ್ಲಿ ನನ್ನ ಭುಜದ ಮೇಲೆ ಕೈಹಾಕಿ ಊ ಬಾ ಚಿಟ್.

ಮಾರನೇ ದಿನ ಬಸ್ ನಿಲ್ದಾಣದಲ್ಲಿ ಲೀಸ್ಬೆತ್ ನನ್ನ ಕೈ ಹಿಡಿದುಕೊಂಡಳು. "ಚಪ್ಪರದ ಹಿಂದೆ ಬಂದೂಕು ಹಿಡಿದವರಿದ್ದರಲ್ಲ, ಯಾಕೆ?"

"ನಿಮ್ಮ ರಕ್ಷಣೆಗೆ."

"ಹಾಗಾದರೆ ಊರಿಗೆ ಹೋಗಿ ಹೇಳ್ತೀನಿ, ಹೆದರಬೇಡಿ, ಎಲ್ಲರೂ ಬನ್ನಿ ಅಂತ. ಮಗಳಿಗೆ ಮೊದಲು ವಿಡಿಯೋ ತೋರಿಸ್ತೀನಿ."

ಬೇಡ ಅನ್ನಲು ಬಾಯಿ ತೆರೆದೆ. ಬಸ್ಸಿನವನು ಹಾರ್ನ್ ಹೊಡೆದ.

ಹದಿನಾರರ ಬೆಳಿಗ್ಗೆ ಹತ್ತು ಗಂಟೆಗೂ ಅಮ್ಮನ ಪಾತ್ರೆ ಕುತ್ತಿಗೆವರೆಗೂ ತುಂಬಿತ್ತು. ಎದುರುಮನೆಯ ದೊಡ್ಡಮ್ಮ ಖಾಲಿ ಬಟ್ಟಲು ಹಿಡಿದು ಬಂದವಳು, ಅರ್ಧ ದಾರಿಯಲ್ಲಿ ನೆನಪಾದಂತೆ ತಿರುಗಿ ಹೋದಳು.

"ಮೀನು ಹಳೇದು ಅಂದ್ಕೊಂಡ್ರೇನೋ" ಅಂದಳು ಅಮ್ಮ.

"ಇರಬಹುದಮ್ಮ."

"ಸುಳ್ಳು ಬೊಗಳಬೇಡ. ಟೀವಿ ನಾನೂ ನೋಡ್ದೆ." ಸೌಟಿನಿಂದ ಸಾರು ಕಲಕುತ್ತಲೇ ಇದ್ದಳು. "ಹೋಗ್ಲಿ ಬಿಡು. ಅಂಗಡಿ ಹೋದ್ರೆ ಹೋಗ್ಲಿ, ಹುಡುಗಿ ಬರ್ತಾಳಲ್ಲ. ಬರ್ತಾಳೆ ತಾನೆ?"

"ಬರ್ತಾಳೆ."

ಹದಿನೇಳಕ್ಕೆ ಬೆಳಗಾಗುವ ಹೊತ್ತಿಗೆ ಜೈಲಿನ ಮುಂದಿದ್ದೆವು. ಅಮ್ಮ ಸಬೈ ಉಡಲು ಹೊಸ ಲುಂಗಿ, ಕುಪ್ಪಸ, ಮುಡಿಗೆ ಹೂವು ತಂದಿದ್ದಳು. ಮುನ್ನೂರು ಜನ ಛತ್ರಿ ಬಿಚ್ಚಿ ಕಾಯುತ್ತಿದ್ದರು. ನಮ್ಮ ಸುತ್ತ ಮಾತ್ರ ನಾಲ್ಕು ಮಾರು ಬಯಲು. ಒಬ್ಬ ಮುದುಕ ಅಮ್ಮನಿಗೆ ನೆರಳು ಕೊಡಲು ಬಂದವನು ನನ್ನ ಮುಖ ನೋಡಿ ಛತ್ರಿ ಹಿಂದಕ್ಕೆಳೆದುಕೊಂಡ.

ಹನ್ನೊಂದಕ್ಕೆ ಗೇಟು ತೆರೆಯಿತು. ಎರಡು ಬಸ್ಸು ಹೊರಬಂದವು. ಕಿಟಕಿಗಳಲ್ಲಿ ಕೈಗಳು, ಕೂಗು, ಅಳು. ನಾನು ಎರಡೂ ಬಸ್ಸಿನ ಸುತ್ತ ಓಡಿದೆ. ಸಬೈ ಇರಲಿಲ್ಲ.

ಕೂದಲು ಕತ್ತರಿಸಿದ ಒಬ್ಬ ಹುಡುಗಿ ಇಳಿದು ನನ್ನನ್ನೇ ನೋಡಿದಳು. "ನೀವು ಸಬೈ ಅಕ್ಕನ ಅಣ್ಣ ಅಲ್ವಾ? ನಾನು ಅವರ ಕೋಣೆಯವಳು."

"ಅವಳ ಹೆಸರು ಪಟ್ಟಿಲಿ ಇರ್ಲಿಲ್ವಾ?"

"ಇತ್ತು." ಹುಡುಗಿ ಅಮ್ಮನ ಕಡೆ ನೋಡಿ ದನಿ ಇಳಿಸಿದಳು. "ಹದಿನೈದಕ್ಕೆ ನಮ್ಮನ್ನೆಲ್ಲ ಕೂರಿಸಿ ಟೀವಿ ತೋರಿಸಿದ್ರು. ನೋಡಿ, ಪರದೇಶದವ್ರೇ ಬಂದು ನಗ್ತಿದಾರೆ, ನೀವು ಯಾರಿಗೋಸ್ಕರ ಕೊಳೀತಿದೀರ ಅಂತ. ಎರಡು ಸಲ ಹಾಕಿದ್ರು. ಅಕ್ಕ ಎರಡು ಸಲಾನೂ ನೋಡಿದ್ರು. ಇವತ್ತು ಬೆಳಿಗ್ಗೆ ಹೆಸರು ಕೂಗಿದ್ರು. ಇನ್ಮೇಲೆ ತಪ್ಪು ಮಾಡಲ್ಲ ಅಂತ ಬರೆದ ಕಾಗದಕ್ಕೆ ಎಲ್ಲರೂ ಸಹಿ ಹಾಕ್ಬೇಕು. ಸಹಿ ಹಾಕೋಕೆ ಅಕ್ಕ ಏಳ್ಲೇ ಇಲ್ಲ."

"ನಂಗೇನಾದ್ರೂ ಹೇಳಿದ್ಳಾ?"

"ಇಲ್ಲ ಅಣ್ಣ."

"ಬೈದ್ಲಾ?"

"ಏನೂ ಹೇಳ್ಲಿಲ್ಲ." ಅವಳಪ್ಪ ಬಂದು ಅವಳ ರೆಟ್ಟೆ ಹಿಡಿದು ನನ್ನಿಂದ ದೂರ ಎಳೆದುಕೊಂಡು ಹೋದ.

ಪಹರೆಯವರು ಗೇಟು ಎಳೆದು ಅಗುಳಿ ಹಾಕಿದರು. ಜನ ತಮ್ಮ ತಮ್ಮ ಮಕ್ಕಳನ್ನು ತಬ್ಬಿಕೊಂಡು ಕರಗಿದರು. ಅಮ್ಮ ಹೂವಿಗೆ ನೀರು ಚಿಮುಕಿಸುತ್ತಾ ಕೂತಿದ್ದಳು.

"ಏನಂದ್ಲು ಆ ಹುಡುಗಿ?"

"ಇನ್ನೊಂದು ಬಸ್ಸಿದೆಯಂತಮ್ಮ."

"ಎಷ್ಟೊತ್ತಿಗೆ?"

"ಸ್ವಲ್ಪ ತಡವಾಗುತ್ತಂತೆ" ಅಂದೆ. ಅಮ್ಮ ನೆರಳಿಗೆ ತಲೆಯ ಮೇಲೆ ಆ ಹೊಸ ಲುಂಗಿಯನ್ನು ಬಿಚ್ಚಿ ಹೊದ್ದುಕೊಂಡು, ಗೇಟಿನ ಕಡೆ ಮುಖ ಮಾಡಿದಳು.