ಮೂರು ದಿನದ ಒದ್ದೆ ಬಟ್ಟೆ

ಫ್ಯಾನು ಈ ಕಡೆ ತಿರುಗಿದಾಗ ಕಾಗದದ ಮೂಲೆ ಏಳುತ್ತದೆ, ಆ ಕಡೆ ತಿರುಗಿದಾಗ ಮಲಗುತ್ತದೆ, ಏಳುತ್ತದೆ, ಮಲಗುತ್ತದೆ, ಮೂರು ಪುಟ, ಮೂರಕ್ಕೂ ನನ್ನ ಸಹಿ ಬೇಕಂತೆ, ವಕೀಲೆ ಪೆನ್ನಿನ ಮುಚ್ಚಳ ತೆಗೆದೇ ಇಟ್ಟಿದ್ದಾಳೆ, ಸಹಿ ಮಾಡದೆ ಏಳುವವಳಲ್ಲ ಇವಳು ಎಂದು ಮುಖ ನೋಡಿಯೇ ಗೊತ್ತಾಗಿರಬೇಕು — ನಿಜ, ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೆ ನಾನೇ ಸಾರಿ ಹೇಳುವವಳು. ಓದಿ ನೋಡಿ ಮೇಡಂ, ಬರೀ ಫಾರ್ಮಾಲಿಟಿ ಇದು. ಓದಿದ್ದೇನೆ, ನಾಲ್ಕು ಸಲ ಓದಿದ್ದೇನೆ, ಸಂಜೆ ಕಾಲೇಜಿನಲ್ಲಿ ಅರ್ಧಂಬರ್ಧ ಕಲಿತವಳಿಗೆ ಅರ್ಥವಾದದ್ದನ್ನೂ ಇನ್ನೊಮ್ಮೆ ಓದುವ ಚಟ, ಮೂರನೇ ಪುಟದ ಕೊನೆಯ ಸಾಲು, ಮೊಟ್ಟೆಗಳಿಗೆ ಒದ್ದೆ ಬಟ್ಟೆ ಹೊದಿಸಲು ಸಂಶೋಧಕರು ಹೇಳಿದರು, ನಾನು ಹೊದಿಸಿದೆ, ಕಾರಣ ನನಗೆ ತಿಳಿದಿರಲಿಲ್ಲ. ತಿಳಿದಿರಲಿಲ್ಲವಂತೆ! ಹನ್ನೊಂದು ವರ್ಷದಿಂದ ಆ ಕಿಟಕಿಯಿಲ್ಲದ ಬೆಚ್ಚನೆ ಕೋಣೆಯಲ್ಲಿ ಸೊಳ್ಳೆ ಸಾಕುತ್ತಿರುವವಳು ನಾನು, ದಿನಾ ನಾಲ್ಕು ಗಂಟೆಗೆ ಎಡಗೈಯನ್ನು ಮೊಣಕೈತನಕ ಪಂಜರದೊಳಗಿಟ್ಟು ರಕ್ತ ಕುಡಿಸುವವಳು, ಊರೆಲ್ಲ ಸೊಳ್ಳೆ ಹೊಡೀತಾರೆ, ನಮ್ಮ ನಾದಿನಿ ಮಾತ್ರ ಕೂರಿಸ್ಕೊಂಡು ಊಟ ಹಾಕ್ತಾಳೆ, ಅತ್ತಿಗೆ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಾಳೆ, ನಗಲಿ. ಒಂದು ವರ್ಷ ಮೊಟ್ಟೆಗಳೆಲ್ಲ ಸಾಯುತ್ತಿದ್ದವು, ಕಾಗದದ ಮೇಲೆ ಇಟ್ಟ ಕಪ್ಪು ಮೊಟ್ಟೆ, ಸಾಸಿವೆಗಿಂತ ಸಣ್ಣದು, ಬೇಗ ಒಣಗಿಸಿ ಡಬ್ಬಿಗೆ ಹಾಕಿ ಎಂದು ಪುಸ್ತಕದಲ್ಲಿತ್ತು, ಫ್ಯಾನಿನ ಕೆಳಗಿಟ್ಟು ಒಣಗಿಸಿದೆವು, ಮಸೂರದಡಿ ನೋಡಿದರೆ ಒಂದೊಂದರ ನಡುವೆಯೂ ಹೆಬ್ಬೆರಳಲ್ಲಿ ಒತ್ತಿದಂತೆ ತಗ್ಗು, ಒಳಗೆ ಜೀವವಿಲ್ಲ. ನಲ್ಲಿಯ ಪಕ್ಕದ ತಟ್ಟೆಯಲ್ಲಿ ಮಾತ್ರ ತಗ್ಗು ಬಿದ್ದಿರಲಿಲ್ಲ — ನಲ್ಲಿ ಸೋರುತ್ತಿತ್ತು, ಹನಿ ಸಿಡಿದು ಕಾಗದ ಒಣಗಿರಲಿಲ್ಲ — ನೋಡಿದೆ, ಯಾರಿಗೂ ಹೇಳಲಿಲ್ಲ, ತಪ್ಪಾದರೆ ನಗುತ್ತಾರೆ, ಸಂಜೆ ಕಾಲೇಜಿನ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಲವತ್ತೊಂದು ದಿನ ಬರೆದೆ, ಒಂದು ದಿನ ಒದ್ದೆ, ಎರಡು ದಿನ ಒದ್ದೆ, ಮೂರು ದಿನ ಒದ್ದೆ ಬಟ್ಟೆಯಡಿ ಇಟ್ಟು ಆಮೇಲೆ ನಿಧಾನವಾಗಿ ಒಣಗಿಸಿದರೆ ಒಳಗಿನ ಮರಿ ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ಬಿಟ್ಟು ನೀರಿಗೆ ಹಾಕಿದರೂ ಎದ್ದು ಈಜುತ್ತದೆ. ಇದೇ ಕಾರಣ. ಇದಕ್ಕಿಂತ ಇನ್ನೇನು ಬೇಕಿತ್ತು ನಿಮಗೆ?

ಪಕ್ಕದ ಕುರ್ಚಿಯಲ್ಲಿ ಸರ್ ಕೂತಿದ್ದಾರೆ, ಬೂಟು ನೋಡುತ್ತ, ಆ ಸಂಶೋಧಕರು ಇವರೇ, ಬೇರೆ ದೇಶದಿಂದ ಬಂದವರು, ಇಲ್ಲೇ ಕನ್ನಡ ಕಲಿತವರು, ನೋಟ್‌ಬುಕ್ಕು ತೋರಿಸಿದ ದಿನ ಕುರ್ಚಿಯಿಂದ ಎದ್ದು ನಿಂತಿದ್ದರು, ನನಗಾಗಿ ಯಾರೂ ಎದ್ದು ನಿಂತಿರಲಿಲ್ಲ ಅಲ್ಲಿಯತನಕ, ಅಕ್ಕಾ ಇದು ಬಂಗಾರ ಅಕ್ಕಾ, ಆಮೇಲೆ ಆ ಒಣಮೊಟ್ಟೆಗಳನ್ನು ಲಕೋಟೆಯಲ್ಲಿ ಹಾಕಿ ಎಲ್ಲೆಲ್ಲಿಗೋ ಅಂಚೆಯಲ್ಲಿ ಕಳಿಸಿದರು, ನಾಲ್ಕು ಪ್ರಬಂಧ ಬರೆದರು, ಇವರು ಇಲ್ಲೇ ಉಳಿಯಲಿ ಎಂದು ಸಂಸ್ಥೆಯೇ ಅರ್ಜಿ ಹಾಕಿತು, ಪರಿಣತ ಉದ್ಯೋಗಿ, ಇವರಿಲ್ಲದೆ ಕೆಲಸ ನಡೆಯದು. ನಾನಿಲ್ಲದೆ ನಡೆಯದು ಎಂದು ಹನ್ನೊಂದು ವರ್ಷದಲ್ಲಿ ಒಂದು ಚೀಟಿ ಬರೆಯಲಿಲ್ಲ ಆ ಸಂಸ್ಥೆ, ವರ್ಷಾ ವರ್ಷಾ ತಾತ್ಕಾಲಿಕ. ಆ ಅರ್ಜಿಯಲ್ಲಿ ಈ ಮಹಾನುಭಾವರು ಏನು ಮಾಡಿದರು? ನಿಜ ಬರೆದರು, ಒದ್ದೆ ಬಟ್ಟೆಯ ವಿಧಾನ ಕಂಡುಹಿಡಿದದ್ದು ನಮ್ಮ ಸಹಾಯಕಿ ಎಂದು, ಹೆಸರು ಸಮೇತ. ವಲಸೆ ಕಚೇರಿಯಿಂದ ಉತ್ತರ ಬಂತು, ವಿಧಾನ ಸಹಾಯಕಿಯದ್ದಾದರೆ ಈ ಸಂಶೋಧಕರು ಏಕೆ ಬೇಕು? ನಿಮಗ್ಯಾರು ಹೇಳಿದ್ರು ಸರ್ ನನ್ನ ಹೆಸರು ಬರೀರಿ ಅಂತ, ಕದ್ದಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ, ಸುಮ್ಮನೆ ಸೊಳ್ಳೆ ಸಾಕಿಕೊಂಡಿರುತ್ತಿದ್ದೆ, ಕೊಟ್ಟು ಕಿತ್ತುಕೊಳ್ಳುವುದಕ್ಕೆ ಕೊಟ್ಟಿರಾ? ಇವತ್ತು ಐದು ಗಂಟೆಯೊಳಗೆ ಈ ಹೇಳಿಕೆ ತಲುಪದಿದ್ದರೆ ಅರ್ಜಿ ವಜಾ, ಮೂವತ್ತು ದಿನದಲ್ಲಿ ಗಂಡ ಹೆಂಡತಿ ಮಗಳು ಗಂಟುಮೂಟೆ ಕಟ್ಟಬೇಕು, ಆ ಆರು ವರ್ಷದ ಹುಡುಗಿ ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ, ಕೋಣೆಯ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತು ದೊಡ್ಡಮ್ಮಾ ನಿಮ್ಮ ದನಗಳಿಗೆ ಮೇವು ಹಾಕಿದ್ರಾ ಅಂತ ಕೇಳುತ್ತಾಳೆ.

ಆ ಒಂದು ಸಾಲು ತೆಗೆಯೋಕಾಗಲ್ವಾ, ಕೇಳಿಯೇಬಿಟ್ಟೆ, ನನ್ನ ದನಿ ನನಗೇ ಬೇಡುವವಳ ದನಿಯಂತೆ ಕೇಳಿತು. ಆ ಸಾಲೇ ಕೇಸು ಮೇಡಂ, ಮಿಕ್ಕಿದ್ದೆಲ್ಲ ಅಲಂಕಾರ. ಸುಳ್ಳಲ್ವಾ ಅದು? ನಿಮ್ಮ ಹತ್ರ ಡಿಗ್ರಿ ಇಲ್ವಲ್ಲ ಮೇಡಂ, ಕಾರಣ ಗೊತ್ತಿರಲಿಲ್ಲ ಅಂದ್ರೆ ಯಾರೂ ಅನುಮಾನ ಪಡಲ್ಲ, ಎಷ್ಟು ಮೃದುವಾಗಿ ಹೇಳಿದಳು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಸರ್ ತಲೆ ಎತ್ತಿದರು, ಬೇಡ ಅಕ್ಕಾ, ನಿಮಗೆ ಮನಸ್ಸಿಲ್ದಿದ್ರೆ ಬೇಡ, ನಾವು ಹೋಗ್ತೀವಿ. ಇದೊಂದು ಬಾಕಿ ಇತ್ತು, ಒಳ್ಳೆಯತನವನ್ನೆಲ್ಲ ನೀವೇ ಇಟ್ಟುಕೊಳ್ಳಿ, ಪಾಪ ಮಾತ್ರ ನನ್ನ ತಲೆಗೆ ಕಟ್ಟಿ, ಸಹಿ ಮಾಡಿದರೆ ಸುಳ್ಳಿ, ಮಾಡದಿದ್ದರೆ ಮಗುವಿನ ಶಾಲೆ ತಪ್ಪಿಸಿದವಳು, ಬೈಯೋಣವೆಂದರೆ ಈ ಕೋಣೆಯಲ್ಲಿ ಒಬ್ಬ ಕೆಟ್ಟವನಾದರೂ ಇರಬಾರದೇ — ಅಥವಾ ನಿಜವಾಗಿಯೂ ತಿಳಿದಿರಲಿಲ್ಲವೇ ನನಗೆ? ಪೊರೆ ಗಟ್ಟಿಯಾಗುತ್ತದೆಂದು ವಿವರಿಸಿದ್ದು ಅವರು, ನಾನು ನೋಡಿದ್ದು ತಗ್ಗು, ಒಂದು ಸೋರುವ ನಲ್ಲಿ, ಬಟ್ಟೆ ಒದ್ದೆ ಮಾಡುವುದೂ ಒಂದು ವಿದ್ಯೆಯೇ, ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಯಾರು ತಾನೇ ಹೊದಿಸುವುದಿಲ್ಲ — ಇಲ್ಲ, ಇಲ್ಲ, ನಲವತ್ತೊಂದು ದಿನ, ದಿನಾಂಕ ಸಮೇತ ಇದೆ, ಮೂರನೇ ದಿನದ ಎದುರಿಗೆ ಎರಡು ಗೆರೆ ಎಳೆದಿದ್ದೇನೆ, ಗೊತ್ತಿಲ್ಲದವಳು ಗೆರೆ ಎಳೆಯುತ್ತಾಳೆಯೇ?

ಗೋಡೆಯ ಗಡಿಯಾರ ಮೂರೂಕಾಲು, ನಾಲ್ಕಕ್ಕೆ ಕೈ ಕೊಡಬೇಕು, ತಡವಾದರೆ ಹಸಿದಿರುತ್ತವೆ, ನಾಳೆಯ ಮೊಟ್ಟೆ ಕಡಿಮೆಯಾಗುತ್ತದೆ, ಮೊದಲ ಪುಟ ಸಹಿ, ಎರಡನೇ ಪುಟ ಸಹಿ, ಪೆನ್ನು ಎಷ್ಟು ಒತ್ತಿದೆನೆಂದರೆ ಕಾಗದ ಹಿಂದುಗಡೆ ಉಬ್ಬಿದೆ, ಮೂರನೇ ಪುಟ, ಆ ಸಾಲು, ಅದರ ಕೆಳಗೆ ನನ್ನ ಹೆಸರು, ಪೂರ್ತಿ ಹೆಸರು, ಪ್ರಬಂಧಗಳಲ್ಲಿ ಇಲ್ಲದ್ದು, ಸಂಸ್ಥೆಯ ಬಾಗಿಲಲ್ಲಿ ಇಲ್ಲದ್ದು, ಇಲ್ಲಿ ಮಾತ್ರ. ಆಯ್ತು, ತಗೊಳ್ಳಿ. ಸರ್ ಅಕ್ಕಾ ಎಂದರು, ನಾನು ಅವರ ಕಡೆ ನೋಡಲಿಲ್ಲ. ವಕೀಲೆ ಬೆರಳ ತುದಿಯಲ್ಲಿ ಸಹಿ ಮುಟ್ಟಿ ನೋಡಿ, ಇನ್ನೂ ಹಸಿ ಇದೆ ಮೇಡಂ, ಬೇಗ ಒಣಗಲಿ ಅಂತ ಫ್ಯಾನಿನ ಕತ್ತು ತಿರುಗಿಸಿ ಮೂರನೇ ಪುಟದ ಮೇಲೆ ನಿಲ್ಲಿಸಿದಳು, ಈಗ ಅದು ಆ ಕಡೆ ಹೋಗುವುದಿಲ್ಲ, ನನ್ನ ಹೆಸರಿನ ಮೇಲೆಯೇ ಗಾಳಿ, ಬೇಗ ಒಣಗಿಸಬೇಡಿ ಅನ್ನಬೇಕು, ಬೇಗ ಒಣಗಿಸಬಾರದು, ಕಾರಣ ನನಗೆ ಗೊತ್ತು, ಮಸೂರದಡಿ ಕಪ್ಪು ಮೊಟ್ಟೆ, ಮೇಲೆ ಗಾಳಿ, ನಡುವೆ, ಹೆಬ್ಬೆರಳಲ್ಲಿ ಒತ್ತಿದಂತೆ, ತಗ್ಗು